ಓರಗಿತ್ತಿಯ ಹಸಿರು ಸಾಲುಗಳು

ವೈದ್ಯರ ಭೇಟಿಗೆ ಸಮಯ ಕಾಯ್ದಿರಿಸುವ ವೆಬ್‌ಸೈಟ್ ನಡೆಸುವ ಆ ಕಚೇರಿಯಲ್ಲಿ ಹಿರಿಸೊಸೆಗೆ ‘ಭೂತಗನ್ನಡಿ’ ಎಂಬ ಅಡ್ಡಹೆಸರಿತ್ತು. ಲಾಗಿನ್ ಆಗಿ, ವೈದ್ಯರನ್ನು ಹುಡುಕಿ, ಸಮಯ ಆರಿಸಿ, ಒಂದೊಂದೇ ಗುಂಡಿ ಒತ್ತಿ ತಪ್ಪು ಹೆಕ್ಕುವುದು ಅವಳ ಕೆಲಸ. ಅವಳು ಹೂಂ ಅನ್ನದೆ ಹೊಸದೇನೂ ಹೊರಬೀಳುತ್ತಿರಲಿಲ್ಲ. ಮೈದುನನ ಹೆಂಡತಿಗೆ ಅಲ್ಲೇ ಕೆಲಸ ಕೊಡಿಸಿದವಳೂ ಅವಳೇ.

ಅದೇ ಮುಳುವಾಯಿತು. ಓರಗಿತ್ತಿ ಬಂದವಳೇ ಆ ಒತ್ತುವ ಕೆಲಸವನ್ನೆಲ್ಲ ಕಂಪ್ಯೂಟರಿನ ಕೋಡಿನಲ್ಲಿ ಬರೆದಿಟ್ಟಳು. ಆಜ್ಞೆ ಕೊಟ್ಟರೆ ಬ್ರೌಸರ್ ತಾನೇ ತೆರೆದುಕೊಳ್ಳುತ್ತಿತ್ತು, ತಾನೇ ಟೈಪ್ ಮಾಡಿ ಗುಂಡಿ ಒತ್ತುತ್ತಿತ್ತು. ಸರಿಯಿದ್ದರೆ ಹಸಿರು ಸಾಲು, ತಪ್ಪಿದ್ದರೆ ಕೆಂಪು. ಅರ್ಧ ದಿನದ ಕೆಲಸ ಚಹಾ ಆರುವುದರೊಳಗೆ ಮುಗಿಯುತ್ತಿತ್ತು. ಜನ ಅವಳ ಮೇಜಿನ ಸುತ್ತ ನಿಂತು ನೋಡಿದರು. ಹಿರಿಯಳು ಖಾಲಿ ಲೋಟ ಹಿಡಿದು ನೀರಿನ ಕಡೆಗೆ ನಡೆದಳು.

ಮನೆಯಲ್ಲೂ ಅದೇ ರಾಗ. ತಟ್ಟೆ ಮುಂದೆ ಕೂತು ಅತ್ತೆ, “ಚಿಕ್ಕೋಳು ಕೈ ಕಟ್ಕೊಂಡು ಕೂತ್ರೂ ಕೆಲಸ ಆಗುತ್ತಂತೆ. ನೀನ್ಯಾಕೆ ಹಂಗೆ ಮಾಡಲ್ಲ?” ಎಂದರು.

“ನಂಗೆ ಕೈ ಇದೆಯಲ್ಲ ಅತ್ತೆ,” ಎಂದಳು ಹಿರಿಯಳು. ‘ಕಲಿಸ್ತೀನಿ ಬನ್ನಿ ಅಕ್ಕ’ ಎಂದು ಓರಗಿತ್ತಿ ಕರೆದಾಗಲೆಲ್ಲ ಅವಳಿಗೆ ತಲೆನೋವು ಬರುತ್ತಿತ್ತು.

ಹೀಗಿರುವಾಗ ಕಿರಿಯಳು ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಳು. ಕೈಗೆ ಪ್ಲಾಸ್ಟರ್, ಮನೆಯಲ್ಲೇ ವಿಶ್ರಾಂತಿ. ಮ್ಯಾನೇಜರು ಅವಳು ಬರೆದ ಕೋಡನ್ನು, ಅಂದರೆ ಆ ಟೆಸ್ಟುಗಳನ್ನು, ಹಿರಿಯಳಿಗೆ ವಹಿಸಿದರು. ಮೊದಲ ಬೆಳಿಗ್ಗೆ ಓಡಿಸಿದರೆ ಅಷ್ಟೂ ಕೆಂಪು! ಅವಳ ಹೊಟ್ಟೆ ತಣ್ಣಗಾಯಿತು: ಇವಳ ಕೆಲಸವೂ ಕೆಟ್ಟಿತಲ್ಲ. ಮ್ಯಾನೇಜರು ಬಂದು, “ಸಂಜೆ ಒಳಗೆ ಸರಿ ಮಾಡ್ಬಿಡಿ” ಎಂದಾಗಲೇ ಖುಷಿ ಇಳಿದದ್ದು.

ಮಧ್ಯಾಹ್ನ ಲ್ಯಾಪ್‌ಟಾಪ್ ಬಗಲಿಗಿಟ್ಟುಕೊಂಡು ಮನೆಗೆ ಬಂದು ಓರಗಿತ್ತಿಯ ಕೋಣೆಯ ಬಾಗಿಲು ತಟ್ಟಿದಳು.

“ನಿನ್ನ ಟೆಸ್ಟು ಕೆಟ್ಟು ಕೂತಿದೆ.”

“ಲಾಗಿನ್ ಗುಂಡಿ ಮೇಲೆ ಏನಂತ ಬರ್ದಿದೆ ನೋಡಿ ಅಕ್ಕ.”

“‘ಒಳಗೆ ಬನ್ನಿ’ ಅಂತಿದೆ. ನಿನ್ನೆ ಬದಲಾಯಿಸಿದ್ರು.”

“ಬ್ರೌಸರ್ ಇನ್ನೂ ಹಳೇ ಹೆಸರಲ್ಲೇ ಹುಡುಕ್ತಿದೆ. ಒಳಗೇ ಹೋಗ್ಲಿಲ್ಲ ಅಂದ್ಮೇಲೆ ಮುಂದಿನದೆಲ್ಲ ಕೆಂಪೇ. ಆ ಒಂದು ಸಾಲು ತಿದ್ದಿ.”

ತಿದ್ದಿದಳು. ಹಸಿರು ಒಂದರ ಕೆಳಗೊಂದು ಇಳಿದು ಬಂತು. ಬೇಡವೆಂದರೂ ಅವಳ ಮುಖ ಅರಳಿತು.

ಅಂದಿನಿಂದ ಬಾಗಿಲು ತಟ್ಟುವುದು ರೂಢಿಯಾಯಿತು. ನಿಧಾನವಾಗಿ ತೆರೆಯುವ ಪುಟಕ್ಕೆ ಬ್ರೌಸರನ್ನು ಕಾಯಿಸುವುದು ಕಲಿತಳು. ತಾನು ಕೈಯಲ್ಲಿ ಹಿಡಿಯುತ್ತಿದ್ದ ತಪ್ಪುಗಳಿಗೂ ಟೆಸ್ಟು ಬರೆದಳು. ಆಮೇಲಾಮೇಲೆ ಬಾಗಿಲು ತಟ್ಟುವುದೇ ಬೇಕಾಗಲಿಲ್ಲ.

ಪ್ಲಾಸ್ಟರ್ ತೆಗೆಸಿ ಕಿರಿಯಳು ಕಚೇರಿಗೆ ಬಂದ ದಿನ ಮ್ಯಾನೇಜರು, “ಟೆಸ್ಟಿನ ವಿಷಯ ಏನಿದ್ರೂ ಇನ್ಮೇಲೆ ಇವ್ರನ್ನೇ ಕೇಳಿ” ಎಂದು ಹಿರಿಯಳತ್ತ ಕೈ ತೋರಿಸಿದರು. ಕಿರಿಯಳ ಮುಖ ಸಣ್ಣದಾಯಿತು. ಅವಳು ಪರದೆಯನ್ನು ಮೇಲೆ ಕೆಳಗೆ ಸರಿಸಿ ನೋಡಿದಳು.

“ನಾನು ಬರ್ದಿದ್ದೆಲ್ಲಾ ಬದಲಾಯಿಸಿಬಿಟ್ರಾ ಅಕ್ಕ?”

“ಬೇಕಾದಷ್ಟು,” ಎಂದಳು ಹಿರಿಯಳು.

ಓರಗಿತ್ತಿಯ ಆ ದನಿ, ಆ ಮುಖ ಎಂಥದ್ದೆಂದು ಹಿರಿಯಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಆದರೂ ಸಮಾಧಾನ ಹೇಳದೆ ತನ್ನ ಕೆಲಸಕ್ಕೆ ತಿರುಗಿದಳು. ಆ ದಿನವಿಡೀ ಅವಳಿಗೆ ಹಾಯೆನಿಸಿತ್ತು. ಮರುದಿನ ಬೆಳಿಗ್ಗೆ, ಇನ್ನೂ ಮುಖ ಊದಿಸಿಕೊಂಡಿದ್ದ ಓರಗಿತ್ತಿಗೆ ಪಕ್ಕದಲ್ಲೊಂದು ಕುರ್ಚಿ ಎಳೆದು ಹಾಕಿ, “ಬಾ, ಭೇಟಿ ರದ್ದು ಮಾಡೋ ಪುಟಕ್ಕೆ ಇನ್ನೂ ಟೆಸ್ಟು ಬರೆದಿಲ್ಲ” ಎಂದಳು.