ಲಾರಿ ನೀಲಿ ಬಳಿದ ಒಲೆ

ಮೊನ್ನೆ ಅಳಿಯ ತಾರಸಿಯ ಮೇಲೆ ಹೊಸ ಬಾರ್ಬೆಕ್ಯೂ ಒಲೆ ಹೊತ್ತಿಸಿದ. ಇದ್ದಿಲು ಕೆಂಪಾಗುತ್ತಿದ್ದಂತೆ ಸುಟ್ಟ ಬಣ್ಣದ ಘಾಟು ಮೂಗಿಗೆ ಬಡಿಯಿತು. ‘ಹೊಸದಲ್ವಾ ಅತ್ತೆ, ಮೊದಮೊದಲು ಹಾಗೇ’ ಎಂದ. ನನಗೆ ಮಾತ್ರ ಹೊಸೂರಿನ ನಮ್ಮ ವಠಾರದ ಹಿತ್ತಲು, ಪಕ್ಕದ ಮನೆಯ ಅಣ್ಣ ಕಣ್ಣಿಗೆ ಕಟ್ಟಿದಂತಾಯಿತು...

ಎಂಬತ್ತರ ದಶಕದ ಆರಂಭ. ಅಣ್ಣ ಫ್ಯಾಕ್ಟರಿಯಲ್ಲಿ ಪೇಂಟರ್, ಇನ್ನೂ ಟೆಂಪರರಿ. ತಮ್ಮ ಬಂಗಲೆಯ ಹಿಂದೆ ಮಳೆಗೆ ನೆಂದು ತುಕ್ಕು ಹಿಡಿದಿದ್ದ, ಮಾಂಸ ಸುಡುವ ಕಬ್ಬಿಣದ ಒಲೆಯೊಂದನ್ನು ಫ್ಯಾಕ್ಟರಿಯ ದೊಡ್ಡ ಸಾಹೇಬರು ಅವನ ತಲೆಗೆ ಕಟ್ಟಿದ್ದರು. ಭಾನುವಾರ ಸಂಜೆ ಪರದೇಶದ ಅತಿಥಿಗಳು ಬರುವವರಿದ್ದರು, ಅಷ್ಟರೊಳಗೆ ಅದು ಹೊಸದರಂತಾಗಬೇಕು. ಅಣ್ಣನನ್ನು ಪರ್ಮನೆಂಟ್ ಮಾಡಬೇಕಾದವರೂ ಅದೇ ಸಾಹೇಬರು. ಅವನ ಹೆಂಡತಿ, ನಮ್ಮ ಅತ್ತಿಗೆ, ಹರಕೆ ಹೊತ್ತು ಕೂತಿದ್ದಳು.

ಅಣ್ಣನಿಗೆ ಒಂದು ಹುಚ್ಚಿತ್ತು. ಆಯುಧಪೂಜೆ ಬಂದರೆ ಸೈಕಲ್ಲು, ಬಾವಿಯ ರಾಟೆ, ಕಿಟಕಿಯ ಸರಳು, ಕಬ್ಬಿಣ ಅಂತ ಕಂಡದ್ದಕ್ಕೆಲ್ಲ ಬಣ್ಣ ಬಳಿಯುವ ಆಸಾಮಿ ಅವನು. ಈ ಒಲೆಯನ್ನೂ ಉಪ್ಪುಕಾಗದದಿಂದ ಉಜ್ಜಿ, ತುಕ್ಕು ತಡೆಯುವ ರೆಡ್ ಆಕ್ಸೈಡ್ ಕೊಟ್ಟು, ಮೇಲೆ ಲಾರಿಗೆ ಹೊಡೆಯುವ ನೀಲಿ ಬಳಿದ. ಮಾಂಸ ಇಡುವ ಕಂಬಿಗಳನ್ನೂ ಬಿಡಲಿಲ್ಲ. ಭಾನುವಾರ ಬೆಳಗ್ಗೆ ಅಂಗಳದಲ್ಲಿ ಅದು ಥಳಥಳ ಹೊಳೆಯುತ್ತಿದ್ದಾಗ ನಾನು ಸುಮ್ಮನಿರಲಾರದೆ ಕೇಳಿದೆ, ‘ಅಣ್ಣಾ, ತಿನ್ನೋದನ್ನ ಈ ಬಣ್ಣದ ಮೇಲೇನಾ ಸುಡೋದು?’

ಅವನ ಮುಖ ಬಿಳಿಚಿಕೊಂಡಿತು. ಸಂಜೆಗೆ ಒಲೆ ಒಯ್ಯಲು ಸಾಹೇಬರ ಜೀಪು ಬರುವುದಿತ್ತು.

ಕಂಬಿಗಳನ್ನು ಕಳಚಿ ಹುಣಸೆ ಸೌದೆಯ ಬೆಂಕಿಗೆ ಹಾಕಿದ. ಬಣ್ಣ ಗುಳ್ಳೆ ಎದ್ದು, ಕರಿ ಹೊಗೆ ಹಿತ್ತಲನ್ನೆಲ್ಲ ತುಂಬಿತು. ನಾನಾಗ ತುಂಬು ಬಸುರಿ. ಅತ್ತಿಗೆ ನನ್ನನ್ನು ಒಳಗೆ ಅಟ್ಟಿದಳು. ಅವನು ಕೆರೆದ, ಮತ್ತೆ ಸುಟ್ಟ, ಬೂದಿ ಹಾಕಿ ತಿಕ್ಕಿದ. ‘ದೋಸೆ ಕಾವಲಿ ಪಳಗಿಸ್ದಂಗೆ ಪಳಗಿಸ್ಬುಡಾನ ಬಿಡು’ ಎಂದು ಅತ್ತಿಗೆ ಅರ್ಧ ಈರುಳ್ಳಿಯನ್ನು ಕಡಲೆಕಾಯಿ ಎಣ್ಣೆಯಲ್ಲಿ ಅದ್ದಿ ಕಂಬಿಗಳಿಗೆಲ್ಲ ಉಜ್ಜಿದಳು. ಆದರೂ ಏನೋ ಘಾಟು... ಕಂಬಿಯದೋ, ನಮ್ಮ ಮೂಗಲ್ಲೇ ಉಳಿದದ್ದೋ, ಮೂವರಿಗೂ ತಿಳಿಯಲಿಲ್ಲ.

ಕೊನೆಗೆ ಇದ್ದಿಲು ಹಾಕಿ ಒಂದು ಮುಸುಕಿನ ಜೋಳ ಸುಟ್ಟೆವು. ಬಸುರಿಯ ಆಸೆ, ನಾನು ಕೈ ಚಾಚಿಬಿಟ್ಟೆ. ಅಣ್ಣ ಗದರಿದ. ‘ಮುಟ್ಬೇಡ ಕಣಮ್ಮ, ಹೊಟ್ಟೇಲಿ ಮಗು ಐತೆ. ತಡಿ, ಮೊದ್ಲು ನಾನು ತಿಂತೀನಿ.’

ತಿಂದ. ನಿಧಾನವಾಗಿ, ಒಂದೊಂದೇ ಸಾಲು ಬಿಡಿಸಿಕೊಂಡು. ಅತ್ತಿಗೆ ಅವನ ಮುಖವನ್ನೇ ನೋಡುತ್ತಿದ್ದಳು.

‘ಹೆಂಗೈತೆ?’

‘ಉಪ್ಪು ಕಮ್ಮಿ’ ಎಂದ.

ನಮಗೆ ನಗುವುದಕ್ಕೂ ಧೈರ್ಯವಿರಲಿಲ್ಲ. ಅಷ್ಟರಲ್ಲಿ ಜೀಪು ಬಂತು, ಅವನೂ ಒಲೆಯ ಜೊತೆಗೇ ಹತ್ತಿ ಹೋದ. ಅವನು ಹಿಂದಿರುಗುವವರೆಗೆ ನಾವಿಬ್ಬರೂ ಜಗಲಿ ಬಿಟ್ಟು ಏಳಲಿಲ್ಲ. ಅವನಿಗೂ ಏನೂ ಆಗಲಿಲ್ಲ, ಅತಿಥಿಗಳಿಗೂ ಏನೂ ಆಗಲಿಲ್ಲ. ಮುಂದೆ ಕೆಲಸವೂ ಪರ್ಮನೆಂಟ್ ಆಯಿತು.

ಆ ಅಣ್ಣ ಈಗಿಲ್ಲ. ವಠಾರ ಬಿಟ್ಟು ಬಂದಿದ್ದ ನನಗೆ ಅವನು ತೀರಿಕೊಂಡದ್ದು ತಿಳಿದದ್ದೇ ಎಷ್ಟೋ ದಿನಗಳ ಮೇಲೆ, ಸೂಳಗಿರಿ ಬಸ್ಸಿನಲ್ಲಿ ಸಿಕ್ಕ ಹಳೆಯ ಪರಿಚಯದವರು ಹೇಳಿ. ಕೊನೆಗೊಮ್ಮೆ ಮುಖ ನೋಡಲೂ ಆಗಲಿಲ್ಲವಲ್ಲ ಎಂಬ ಸಂಕಟ ಇನ್ನೂ ಹೋಗಿಲ್ಲ...

ತಾರಸಿಯಲ್ಲಿ ಜೋಳ ಸುಟ್ಟು ಸಿದ್ಧವಾಗಿತ್ತು. ಅಂದು ನನ್ನ ಹೊಟ್ಟೆಯಲ್ಲಿದ್ದ ಮಗಳು ಕೈ ಚಾಚಿದಳು. ನಾನು ಅದನ್ನು ಕಿತ್ತುಕೊಂಡೆ.

‘ತಡಿ’ ಎಂದೆ. ‘ಮೊದ್ಲು ನಾನು ತಿಂತೀನಿ.’