ತಟ್ಟೆ ಬಿಸಿ ಇದೆ

ಬಿಸಿಯಮ್ಮನ ಸುದ್ದಿ ನನಗೆ ಮೊದಲು ತಲುಪಿದ್ದು ನನ್ನ ಗಂಡನ ಸುಟ್ಟ ಬೆರಳಿನಿಂದ. ಅವರು ಬಸ್ಸು ಓಡಿಸುತ್ತಿದ್ದರು. ಒಂದು ಸಂಜೆ ಡಿಪೋದಿಂದ ಬಂದವರೇ ನಲ್ಲಿಯ ಕೆಳಗೆ ತೋರುಬೆರಳು ಹಿಡಿದು ನಿಂತರು.

"ಏನಾಯ್ತು?" ಎಂದೆ.

"ಡಿಪೋ ಪಕ್ಕ ಮೆಕ್ಸಿಕನ್ ಹೋಟ್ಲು ಶುರುವಾಗಿದೆ. ಬಡಿಸೋ ಹೆಂಗಸು ತಟ್ಟೆ ಇಟ್ಟು, ಬಿಸಿ ಇದೆ ಮುಟ್ಬೇಡಿ ಅಂದ್ಲು."

"ಮತ್ತೆ?"

"ನಿಜಾನಾ ಅಂತ ನೋಡ್ದೆ."

ಬಿಸಿಯಮ್ಮ ಅಂತ ಹೆಸರಿಟ್ಟವರೂ ಅವರೇ. ಮುಂದಿನ ಶನಿವಾರ ನನ್ನನ್ನೂ ಕರೆದುಕೊಂಡು ಹೋದರು. ಕಿತ್ತಳೆ ಬಣ್ಣದ ಗೋಡೆ, ಅಡುಗೆಮನೆಯಿಂದ ತಟ್ಟೆ ದಾಟಿಸಲು ಒಂದು ಕಿಂಡಿ, ಕಾಲು ಅಲುಗಾಡುವ ಮೇಜುಗಳು. ಕೂತ ಕೂಡಲೇ ಕೇಳದೆಯೇ ಒಂದು ಬುಟ್ಟಿ ಚಿಪ್ಸು, ಬಟ್ಟಲಲ್ಲಿ ಚಟ್ನಿಯಂಥ ಟೊಮೆಟೊ ಸಾಲ್ಸಾ ಬಂತು. ಅದೇ ಊಟವೆಂದುಕೊಂಡು ನಾನು ಬುಟ್ಟಿ ಖಾಲಿ ಮಾಡಿದೆ.

"ಅಕ್ಕಾ, ಹೊಟ್ಟೇಲಿ ಸ್ವಲ್ಪ ಜಾಗ ಬಿಡಿ. ಊಟ ಇನ್ನೂ ಒಳಗಿದೆ," ಎಂದಳು ಬಿಸಿಯಮ್ಮ. ನಗಲಿಲ್ಲ. ಅದು ಅವಳ ದೊಡ್ಡತನ.

ನಮ್ಮದು ಯಾವಾಗಲೂ ಎಂಚಿಲಾಡ. ಮೆಕ್ಕೆಜೋಳದ ರೊಟ್ಟಿಯೊಳಗೆ ಕೋಳಿ ಸುತ್ತಿ, ಮೇಲೆ ಕೆಂಪು ಗೊಜ್ಜು, ಚೀಸು ಸುರಿದು, ತಟ್ಟೆಯ ಸಮೇತ ಓವನ್ನಿಗೆ ಇಡುತ್ತಾರೆ. ಅದಕ್ಕೇ ತಟ್ಟೆ ಆ ಪಾಟಿ ಸುಡುವುದು. ಬಿಸಿಯಮ್ಮ ಅಂಥ ನಾಲ್ಕು ತಟ್ಟೆಗಳನ್ನು ತೋಳಿನುದ್ದಕ್ಕೂ ಜೋಡಿಸಿಕೊಂಡು, ಸೊಂಟದಿಂದ ಕುರ್ಚಿಗಳನ್ನು ಸರಿಸುತ್ತಾ ಬರುತ್ತಿದ್ದಳು. ಪ್ರತಿಯೊಂದನ್ನು ಇಡುವಾಗಲೂ, "ತಟ್ಟೆ ಬಿಸಿ ಇದೆ." ನಮ್ಮವರು ಪ್ರತಿ ಸಲವೂ ಮುಟ್ಟುತ್ತಿದ್ದರು. ಕಡೆಕಡೆಗೆ ಅವಳು ಅವರ ತಟ್ಟೆಯ ಜೊತೆಗೇ ಒಂದು ಚೂರು ಐಸು ತಂದಿಡುತ್ತಿದ್ದಳು.

ಅವರು ತೀರಿಕೊಂಡ ಮೇಲೆ ನಾನು ಆ ಕಡೆ ತಲೆ ಹಾಕಲಿಲ್ಲ. ಮನೆಯಲ್ಲೇ ಹೊಲಿಗೆ ಯಂತ್ರ ತುಳಿಯುತ್ತಿದ್ದೆ. ಪ್ಯಾಂಟು ಗಿಡ್ಡ ಮಾಡುವುದು, ಜಿಪ್ಪು ಬದಲಾಯಿಸುವುದು. ಒಂದು ದಿನ ಬಿಸಿಯಮ್ಮ ಲಂಗವೊಂದನ್ನು ಹಿಡಿದು ಬಾಗಿಲಿಗೆ ಬಂದಳು. ಅಂಚು ಮಡಚಿ ಹೊಲಿಯಬೇಕಂತೆ. ನೋಡಿದರೆ ಅಂಚು ಗಟ್ಟಿಯಾಗಿಯೇ ಇತ್ತು.

"ಇದಕ್ಕೇನಾಗಿದೆ?"

"ಏನೋ ಆಗಿದೆ, ನೀವೇ ಹುಡುಕಿ. ಶನಿವಾರ ಹೋಟ್ಲಿಗೇ ತಂದ್ಕೊಡಿ. ನಂಗೆ ಇನ್ನೊಂದ್ಸಲ ಇಷ್ಟು ಮೆಟ್ಲು ಹತ್ತಕ್ಕಾಗಲ್ಲ."

ಹೋದೆ. ಒಬ್ಬಳೇ ಹೋಟೆಲಿನಲ್ಲಿ ಕೂತು ಉಂಡವಳಲ್ಲ ನಾನು. ಕೈಕಾಲು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಅವಳು ಕಿಂಡಿಯ ಪಕ್ಕದ ಮೇಜಿಗೆ ಕೂರಿಸಿ, ಹೋಗುತ್ತಾ ಬರುತ್ತಾ ಒಂದೊಂದು ಮಾತು ಎಸೆದು ಹೋದಳು. ಅವಳ ಒಂದು ಸುದ್ದಿ ಮುಗಿಯಬೇಕಾದರೆ ಐದಾರು ಓಡಾಟ ಬೇಕು. ಅರ್ಧಕ್ಕೆ ನಿಂತ ಸುದ್ದಿಗಾಗಿ ಕಾಯುತ್ತಾ ಕಾಯುತ್ತಾ ತಟ್ಟೆ ಪೂರ್ತಿ ಖಾಲಿಯಾಗಿತ್ತು. ಎಷ್ಟೋ ದಿನಗಳ ನಂತರ ಹೊಟ್ಟೆ ತುಂಬ ಉಂಡಿದ್ದೆ. ಆ ಋಣ ಯಾವ ಹೊಲಿಗೆಯಿಂದ ತೀರೀತು?

ಹಾಗೇ ಕೆಲವು ವರ್ಷ ನಡೆಯಿತು. ಆಮೇಲೆ ಅವಳ ಭುಜ ಕೈಕೊಟ್ಟಿತು. ಒಂದು ಮಧ್ಯಾಹ್ನ ತಟ್ಟೆಗಳು ಜಾರಿ ನೆಲಕ್ಕೆ ಬಿದ್ದವು. ಹಳೇ ಯಜಮಾನರ ಅಳಿಯ ಆಗ ಹೋಟೆಲು ನೋಡಿಕೊಳ್ಳುತ್ತಿದ್ದ. ಕೆಟ್ಟವನಲ್ಲ. ಮುಂದಿನ ವಾರದಿಂದ ಹಿಂದಿನ ಕೋಣೆಯಲ್ಲಿ ಕೂತು ಈರುಳ್ಳಿ ಹೆಚ್ಚಲು ಹೇಳಿದ.

"ಸಂಬಳ ಮೊದ್ಲಿನಷ್ಟೇ ಕೊಡ್ತಾನಂತೆ ಅಕ್ಕ," ಎಂದಳು, ನನ್ನ ಎದುರು ನಿಂತು ಭುಜ ನೀವಿಕೊಳ್ಳುತ್ತಾ. "ಆದ್ರೆ ಮನೇಲೂ ಗೋಡೆ ನೋಡ್ತೀನಿ, ಇಲ್ಲೂ ಗೋಡೆ ನೋಡ್ಲಾ? ನಂಗೆ ಮಾತಾಡಕ್ಕೆ ಇರೋರೇ ನೀವುಗಳು."

ಆ ವಾರ ನಮ್ಮವರ ಹಳೇ ಡ್ಯೂಟಿ ಪ್ಯಾಂಟುಗಳನ್ನು ಪೆಟ್ಟಿಗೆಯಿಂದ ತೆಗೆದೆ. ದಪ್ಪ ಬಟ್ಟೆ. ಅಂಗೈಯಗಲ ಕತ್ತರಿಸಿ, ಮೂರು ಪದರ ಸೇರಿಸಿ, ಬಿಸಿ ತಟ್ಟೆ ಎತ್ತಲು ಹಿಡಿಬಟ್ಟೆಗಳನ್ನು ಹೊಲಿದೆ. ಶನಿವಾರ ಪಕ್ಕದ ಮೇಜಿನ ಕ್ಷೌರಿಕನಿಗೆ, ಖಾಯಂ ಬರುವ ಇನ್ನೂ ಕೆಲವರಿಗೆ ಒಂದೊಂದು ಜೊತೆ ಕೊಟ್ಟೆ. ತಟ್ಟೆ ಸಿದ್ಧವೆಂದು ಕಿಂಡಿಯ ಗಂಟೆ ಬಡಿಯಿತು. ನಾನು ಎದ್ದು ಹೋಗಿ ನನ್ನ ತಟ್ಟೆ ತಂದುಕೊಂಡೆ. ಹಿಂದೆಯೇ ಕ್ಷೌರಿಕ ಎದ್ದ. ಅಳಿಯ ಗಲ್ಲಾ ಬಿಟ್ಟು ಬಂದ.

"ಏನಮ್ಮ ಇದು? ಗಿರಾಕಿಗಳೇ ತಂದ್ಕೊಂಡ್ರೆ ಇವ್ರು ಯಾಕೆ ಇಲ್ಲಿ?"

"ತಟ್ಟೆ ಯಾರು ಬೇಕಾದ್ರೂ ತರ್ತಾರೆ ಮಗ. ಬಿಸಿ ಇದೆ ಅನ್ನೋಕೆ ಇವ್ಳೇ ಬೇಕು. ಇವ್ಳನ್ನ ಒಳಗೆ ಕೂರಿಸಿದ್ರೆ ನಾವೂ ಮನೇಲಿ ಕೂರ್ತೀವಿ."

"ನಂದೂ ಅದೇ," ಎಂದ ಕ್ಷೌರಿಕ, ಬಾಯಿ ತುಂಬ ಚಿಪ್ಸು ಇಟ್ಟುಕೊಂಡು.

ಅಳಿಯ ತಲೆ ಕೆರೆದುಕೊಂಡ. ಈರುಳ್ಳಿಗೆ ಬೇರೆಯವರನ್ನು ನೋಡಿದ. ಬಿಸಿಯಮ್ಮ ಏನು ಬೇಕೆಂದು ಕೇಳಲು, ಕೂರಿಸಲು, ಹರಟಲು ಹೊರಗೇ ಉಳಿದಳು. ನನ್ನ ಕೈಯಲ್ಲಿದ್ದ ಬಟ್ಟೆಯನ್ನು ತಿರುಗಿಸಿ ನೋಡಿ, "ಇದು ಅಣ್ಣನ ಪ್ಯಾಂಟಲ್ವಾ? ಬೇಡ ಬೇಡ ಅಂದ್ರೂ ಇನ್ನೂ ತಟ್ಟೆ ಮುಟ್ತಿದಾರೆ ನೋಡಿ," ಎಂದಳು. ನಮ್ಮವರು ಹೋದ ಮೇಲೆ ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದು ಅಂದೇ.

ಮಂಡಿಯೂ ಸೋಲುವ ತನಕ ಅವಳು ಅಲ್ಲೇ ಇದ್ದಳು. ಕೊನೆಗೆ ತಂಗಿಯ ಊರಿಗೆ ಹೊರಟಳು. ಆಮೇಲೆ ನಾವು ಭೇಟಿಯಾಗಲಿಲ್ಲ. ಹೊರಡುವ ಮುಂಚಿನ ಶನಿವಾರ, ಅಷ್ಟು ವರ್ಷದಲ್ಲಿ ಮೊದಲ ಬಾರಿಗೆ, ನನ್ನ ಎದುರಿನ ಕುರ್ಚಿಯಲ್ಲಿ ಕೂತಳು. ಅವಳ ತಟ್ಟೆಯನ್ನೂ ನಾನೇ ತಂದಿಟ್ಟು, ಬಿಸಿ ಇದೆ ಎಂದೆ. ಅವಳು ಬೇಕೆಂದೇ ಬೆರಳಿಟ್ಟು, ಫಕ್ಕನೆ ಹಿಂತೆಗೆದುಕೊಂಡು, ಬೆರಳನ್ನು ಬಾಯಿಗಿಟ್ಟುಕೊಂಡಳು. ಇಬ್ಬರೂ ನಿಧಾನವಾಗಿ ಉಂಡೆವು. ಸುದ್ದಿ ಮಧ್ಯೆ ತುಂಡಾಗಲಿಲ್ಲ. ಎದ್ದಾಗ ಅವಳು ಮೇಜಿನ ಮೇಲಿದ್ದ ನನ್ನ ಹಿಡಿಬಟ್ಟೆಯ ಮೇಲೆ ಕೈಯಿಟ್ಟಳು.

"ಅಕ್ಕ, ಇದರಲ್ಲಿ ಒಂದು ನಂಗೆ ಕೊಡ್ತೀರಾ? ತಂಗಿ ಮನೇಲಿ ಇನ್ಮೇಲೆ ನಾನೂ ಬಿಸಿಬಿಸಿ ಊಟ ಮಾಡ್ಬೇಕಲ್ಲ."