ಒಂಟಿ ಹಳಿಯ ಮುದ್ದಯ್ಯ

ಮುದ್ದಯ್ಯ ರಿಟೈರಾಗಿ ಬಹಳ ವರ್ಷವಾಗಿತ್ತು. ಅವನು ಕಾಯುತ್ತಿದ್ದ ರೈಲ್ವೆ ಗೇಟನ್ನು ಕಿತ್ತುಹಾಕಿ, ಎರಡು ಹೊಲದಾಚೆ ಹಳಿಯ ಕೆಳಗೆ ಅಂಡರ್‌ಪಾಸು ಮಾಡಿ ಕೂಡ ಕೆಲವು ವರ್ಷ ಕಳೆದಿತ್ತು. ಆದರೂ ಬೆಳಗ್ಗೆ ಮುದ್ದೆ ಉಂಡು, ತಲೆಗೆ ಟವೆಲ್ಲು ಸುತ್ತಿಕೊಂಡು ಅವನು ಹೋಗಿ ಕೂರುತ್ತಿದ್ದದ್ದು ಆ ಗೇಟು ಇದ್ದ ಜಾಗದಲ್ಲೇ. ಅಲ್ಲೊಂದು ಹೊಂಗೆ ಮರ, ಅದರ ಬುಡದಲ್ಲಿ ರೈಲ್ವೆಯವರು ಬಿಟ್ಟುಹೋದ ಹಳೆಯ ಮರದ ದಿಮ್ಮಿ. ಇಲಾಖೆ ಅವನಿಗೆ ಹಾರ ಹಾಕಿ ಕಳಿಸಿತ್ತು, ಆದರೆ ಅವನು ಹೋಗಿರಲಿಲ್ಲ.

ಮದ್ದೂರಿನಿಂದ ಮಂಡ್ಯದ ಕಡೆ ಹೋಗುವಾಗ ಸಿಗುವ ಅವನ ಊರು ಹಳಿಯ ಈಚೆಗಿದೆ, ಊರಿನವರ ಗದ್ದೆ ಆಚೆಗಿದೆ. ಅಂಡರ್‌ಪಾಸಿನ ತನಕ ಸುತ್ತಿಕೊಂಡು ಹೋಗುವ ತಾಳ್ಮೆ ಯಾರಿಗಿದೆ? ಗೇಟಿನ ಜಾಗದಲ್ಲಿ ಅಡ್ಡ ನಿಲ್ಲಿಸಿದ ಕಂಬಗಳ ಸಂದಿಯಲ್ಲಿ ನುಸುಳಿ ಜನ ಹಾಗೇ ದಾಟುತ್ತಿದ್ದರು. ದಾಟುವ ಮುಂಚೆ ಹೊಂಗೆ ಮರದ ಕಡೆ ತಿರುಗಿ, "ಗಾಡಿ ಓಯ್ತಾ ಮುದ್ದಣ್ಣ?" ಎಂದು ಕೇಳುವುದು ವಾಡಿಕೆ. "ಓಯ್ತು, ದಾಟಿ" ಎಂದು ಮುದ್ದಯ್ಯ ಅಂದರೆ ದಾಟಿದರು. "ತಡೀರಿ" ಅಂದರೆ ನಿಂತರು. ಪೆನ್ಷನ್ನು ಬ್ಯಾಂಕಿಗೆ ಬೀಳುತ್ತಿತ್ತು, ಹಾಗೆಂದು ಅವನು ಊರಿನಲ್ಲಿ ತಲೆಯೆತ್ತಿ ಓಡಾಡುತ್ತಿದ್ದದ್ದು ಪೆನ್ಷನ್ನಿನಿಂದಲ್ಲ, ಆ ಒಂದು ಮಾತಿನಿಂದ.

ಅವನ ಕಾಲದ್ದು ಒಂಟಿ ಹಳಿ. ಒಂದು ಗಾಡಿ ಬರುತ್ತಿದ್ದರೆ ಎದುರಿನದು ಯಾವುದೋ ಸ್ಟೇಷನ್ನಿನಲ್ಲಿ ನಿಂತು ಕಾಯಲೇಬೇಕು. ಹಾಗೆ ಮದ್ದೂರಿನಲ್ಲಿ ನಿಂತರೆ ಅದೊಂದು ಸಂತೆಯೇ ಸರಿ. ಎದುರು ಗಾಡಿ ಬರುವ ತನಕ ಜನ ಇಳಿದು ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದರು, ವಡೆ ತಿನ್ನುತ್ತಿದ್ದರು, ಕಿಟಕಿ ಸೀಟಿಗೆ ಟವೆಲ್ಲು ಹಾಕಿ ಇಳಿದುಹೋದವನ ಜೊತೆ ಜಗಳ ಕಾಯುತ್ತಿದ್ದರು. ಮಳವಳ್ಳಿ, ಹಲಗೂರು ಕಡೆಯವರಿಗೆ ರೈಲಿಲ್ಲ. ಅವರು ಮೊದಲ ಬಸ್ಸಿಗೇ ಬಂದು, ಟ್ರಂಕಿನ ಮೇಲೆ ಮಕ್ಕಳನ್ನು ಕೂರಿಸಿ, ರಟ್ಟಿನ ಟಿಕೇಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಕಾಯುತ್ತಿದ್ದರು. ಸಂಬಳದ ದಿನ ಸ್ಟೇಷನ್ನಿಗೆ ಹೋದರೆ ಮುದ್ದಯ್ಯನಿಗೆ ವಾಪಸು ಬರುವ ಮನಸ್ಸೇ ಆಗುತ್ತಿರಲಿಲ್ಲ.

ಗೇಟಿನಲ್ಲಂತೂ ಅವನೇ ದೊರೆ. ಸ್ಟೇಷನ್ ಮಾಸ್ತರು ಫೋನಿನಲ್ಲಿ, "ಗಾಡಿ ಬಿಡ್ತಾ ಇದೀನಿ, ಗೇಟು ಹಾಕಪ್ಪ" ಅಂದರೆ ಮುಗಿಯಿತು. ಜೀಪಿನ ಸಾಹೇಬರೂ ನಿಲ್ಲಬೇಕು, ಕಬ್ಬಿನ ಗಾಡಿಯೂ ನಿಲ್ಲಬೇಕು. ಒಂದು ಸಲ ಮದುವೆ ದಿಬ್ಬಣ ಸಿಕ್ಕಿಕೊಂಡು, ಮುಹೂರ್ತ ಮೀರುತ್ತದೆ ಎಂದು ಹೆಣ್ಣಿನ ಅಪ್ಪ ಕೈಮುಗಿದರೂ ಇವನು ಗೇಟು ಎತ್ತಲಿಲ್ಲ. ಕಲ್ಲಿದ್ದಲ ಇಂಜಿನ್ನಿನವನು ಒಂದು ಸಲಿಕೆ ಕೆಂಡ ಎಸೆದುಹೋದರೆ ಅವತ್ತಿನ ಕಾಫಿಗೆ ಸೌದೆ ಬೇಕಿರಲಿಲ್ಲ. ಕೊನೆಯ ಡಬ್ಬಿಯಿಂದ ಗಾರ್ಡು ಹಸಿರು ಬಾವುಟ ತೋರಿಸಿದರೆ ಇವನೂ ತೋರಿಸಬೇಕು. ಬಾಲದ ಡಬ್ಬಿ ಕಣ್ಣ ಮುಂದೆ ದಾಟಿತೋ, ಅವನ ಕೈ ತಾನಾಗಿ ಗೇಟು ಎತ್ತಲು ಹೋಗುತ್ತಿತ್ತು. ಆಮೇಲೆ ಕಂಬಿಯ ಮೇಲೆ ಎಮ್ಮೆ ಅಡ್ಡ ಮಲಗಿದರೂ ಸದ್ಯಕ್ಕೆ ಭಯವಿರಲಿಲ್ಲ. ಒಂಟಿ ಹಳಿಯಲ್ಲಿ ಒಂದು ಗಾಡಿ ಹೋದ ಹಿಂದೆಯೇ ಇನ್ನೊಂದು ಎಲ್ಲಿಂದ ಬರಬೇಕು?

ಈಗ ಎರಡು ಹಳಿ. ಹೊಗೆಯಿಲ್ಲ, ಮೊದಲಿನ ಗಡಗಡ ಸದ್ದಿಲ್ಲ. ಕರೆಂಟಿನ ಗಾಡಿಗಳು ಹೇಳದೆ ಕೇಳದೆ ಬಂದು ಹೋಗುತ್ತವೆ. ಮದ್ದೂರಿನಲ್ಲಿ ಯಾರೂ ಯಾರಿಗೂ ಕಾಯಬೇಕಾಗಿಲ್ಲ. ಗದ್ದೆ ಕಡೆ ಹಾಕಿದ ಎರಡನೇ ಹಳಿಯನ್ನು ಮುದ್ದಯ್ಯ ಇವತ್ತಿಗೂ "ಹೊಸದು" ಎಂದೇ ಕರೆಯುತ್ತಿದ್ದ, ನೆಂಟನೊಬ್ಬ ಬಂದವನು ಹೋಗಲೇ ಇಲ್ಲ ಅನ್ನುವ ದನಿಯಲ್ಲಿ.

ಮಗ ಯತೀಶ್ ಗೂಡ್ಸ್ ಆಟೋದಲ್ಲಿ ಮದ್ದೂರಿನ ಮಾರ್ಕೆಟ್ಟಿಗೆ ಎಳನೀರು ಸಾಗಿಸುವವನು. ಅವನಿಗೆ ಅಪ್ಪನ ಈ ಹೊಂಗೆಮರದ ಡ್ಯೂಟಿ ಕಂಡರೆ ಮೈಯುರಿ.

"ಅಪ್ಪೋ, ಈಗ ಎರಡು ಲೈನು ಕಣಪ್ಪ. ಒಂದು ಓಗೋದ್ರೊಳ್ಗೆ ಆ ಕಡೆಯಿಂದ ಇನ್ನೊಂದು ಬತ್ತದೆ. ದಾಟಿ ದಾಟಿ ಅಂತ ಜನಕ್ಕೆ ನೀನ್ಯಾಕ್ ಏಳೀಯೆ? ಏನಾರ ಆದ್ರೆ?"

"ನನ್ ಗೇಟಲ್ಲಿ ಒಂದ್ ಕೋಳಿಮರೀನೂ ಸತ್ತಿಲ್ಲ ಕಣ್ಲಾ. ನಂಗೆ ಏಳ್ಕೊಡಕ್ ಬತ್ತೀಯ?"

"ಗೇಟಾದ್ರೂ ಎಲ್ಲದೆ ಅಲ್ಲಿ?"

ಅದಕ್ಕೆ ಮುದ್ದಯ್ಯ ಮುಖ ಗಂಟು ಹಾಕಿಕೊಂಡು ಎದ್ದುಹೋದ. ಮಗನ ಮಾತನ್ನು ಕಿವಿಗೆ ಹಾಕಿಕೊಳ್ಳುವ ವಯಸ್ಸು ತನ್ನದಲ್ಲ ಎಂದು ಅವನೇ ತೀರ್ಮಾನ ಮಾಡಿಬಿಟ್ಟಿದ್ದ.

ಅವನ ಅಕ್ಕ ಚಿಕ್ಕಬೋರಮ್ಮ ಅದೇ ಊರಿಗೆ ಕೊಟ್ಟವಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ತಮ್ಮನ ಮನೆಯ ಪಕ್ಕದಲ್ಲೇ ಎರಡು ಹಸು ಕಟ್ಟಿಕೊಂಡು, ಡೈರಿಗೆ ಹಾಲು ಹಾಕಿ, ಯಾರ ಮುಂದೆಯೂ ಕೈ ಚಾಚದೆ ಬದುಕುತ್ತಿದ್ದಳು. ತಾಯಿಯಿಲ್ಲದ ಮುದ್ದಯ್ಯನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಅವಳ ಬಾಯಿ ಊರಿಗೇ ಗೊತ್ತು. ಆದರೆ ಹಳಿಯ ಹತ್ತಿರ ಬಂದರೆ ಮಾತ್ರ ತಮ್ಮ ಹೇಳಿದ್ದೇ ಹೇಳಿದ್ದು. ದಿನಾ ಆಚೆ ಗದ್ದೆಬದುವಿನಿಂದ ಹುಲ್ಲಿನ ಹೊರೆ ಹೊತ್ತು ಬಂದು, ಹಳಿಯಾಚೆ ನಿಂತು ಅವನನ್ನು ಕೂಗುವಳು.

ಆ ದಿನ ಮಧ್ಯಾಹ್ನ ಮೈಸೂರಿನ ಕಡೆಗೆ ಪ್ಯಾಸೆಂಜರ್ ಗಾಡಿ ಹೋಗುತ್ತಿತ್ತು, ಮುದ್ದಯ್ಯನ ಹತ್ತಿರದ ಹಳೆಯ ಹಳಿಯ ಮೇಲೆ. ಅಪರೂಪಕ್ಕೆ ಅದು ನಿಧಾನ ಮಾಡಿತು. ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂತ ಹುಡುಗರು, ಕಿಟಕಿಯಲ್ಲಿ ಕಿತ್ತಳೆ ಸುಲಿಯುವ ಹೆಂಗಸು, ಬುಟ್ಟಿ ಹೊತ್ತು ಡಬ್ಬಿಯಿಂದ ಡಬ್ಬಿಗೆ ಹೋಗುತ್ತಿದ್ದ ವಡೆ ಮಾರುವವನು. ಎಲ್ಲ ಮೊದಲಿನ ಹಾಗೇ. ಮುದ್ದಯ್ಯನಿಗೆ ಕಣ್ಣು ತುಂಬಿ ಬಂತು. ದಿಮ್ಮಿಯಿಂದ ಎದ್ದು ನಿಂತ. ಕೊನೆಯ ಡಬ್ಬಿ ಬಂದಾಗ ತಲೆಯ ಟವೆಲ್ಲು ಬಿಚ್ಚಿ, ಬಾವುಟ ತೋರಿಸುವ ಹಾಗೆ ಎತ್ತಿ ಹಿಡಿದ. ಗಾರ್ಡು ಕೂಡ, ಯಾರೋ ಪುಣ್ಯಾತ್ಮ, ನಕ್ಕು ಕೈಯೆತ್ತಿದ. ಎಷ್ಟು ವರ್ಷವಾಗಿತ್ತು! ಮುದ್ದಯ್ಯ ಆ ಬಾಲದ ಡಬ್ಬಿಯನ್ನೇ ನೋಡುತ್ತ ನಿಂತ.

"ಲೇ ಮುದ್ದ, ಗಾಡಿ ಓಯ್ತೇನ್ಲಾ?" ಆಚೆಯಿಂದ ಅಕ್ಕ ಕೂಗಿದಳು.

"ಓಯ್ತು ಕಣಕ್ಕ, ಬಾ."

ಹೇಳಿದ್ದು ಅವನ ಬಾಯಿ, ತಲೆಯಲ್ಲ. ಹೋಗುತ್ತಿದ್ದ ಗಾಡಿಯ ಹಿಂದಿನಿಂದ, ಮಂಡ್ಯದ ಕಡೆಯಿಂದ ಬರುತ್ತಿದ್ದ ಇನ್ನೊಂದು ಗಾಡಿಯ ಮೂತಿ ಹೊಸ ಹಳಿಯ ಮೇಲೆ ಹೊರಬಂತು. ಅಕ್ಕ ಆಗಲೇ ಆ ಹಳಿಗೆ ಕಾಲಿಟ್ಟಿದ್ದಳು. ಮುದ್ದಯ್ಯ "ಅಕ್ಕೋ!" ಎಂದು ಕಿರುಚಿದ. ಮುಂದೆ ಏನು ಹೇಳಬೇಕೋ, ಬಾ ಅನ್ನಬೇಕೋ ಹಿಂದಕ್ಕೆ ಹೋಗು ಅನ್ನಬೇಕೋ ತೋಚಲಿಲ್ಲ. ತಮ್ಮ ಕರೆಯುತ್ತಿದ್ದಾನೆ ಎಂದುಕೊಂಡು ಅವಳು ದಾಪುಗಾಲು ಹಾಕಿದಳು. ಗಾಡಿ ಹಾರ್ನು ಬಡಿಯುತ್ತ ಅವಳ ಬೆನ್ನ ಹಿಂದೆಯೇ ಹಾದುಹೋಯಿತು. ಆ ಗಾಳಿಗೆ ಹೊರೆ ಹಾರಿತು, ಅವಳು ಎರಡು ಹಳಿಗಳ ನಡುವಿನ ಜಲ್ಲಿಕಲ್ಲಿನ ಮೇಲೆ ಬಿದ್ದಳು.

ಜೀವ ಉಳಿಯಿತು, ಸೊಂಟದ ಮೂಳೆ ಮುರಿಯಿತು. ಅಕ್ಕಪಕ್ಕದ ಗದ್ದೆಯವರು ಓಡಿಬಂದರು. ಮುದ್ದಯ್ಯ ಅವಳ ಪಕ್ಕ ಕುಕ್ಕರಿಸಿ ಕೂತಿದ್ದ. ಏನಾಯಿತು ಎಂದು ಜನ ಕೇಳಿದಾಗ ಅವನು ಬಾಯಿ ತೆರೆದ. ಅಷ್ಟರಲ್ಲಿ ಅವಳು ನೋವಿನಲ್ಲೂ ಅವನ ಮಣಿಕಟ್ಟು ಹಿಡಿದು ಅಮುಕಿದಳು.

"ನಂದೇ ತೆಪ್ಪು ಕಣ್ರಪ್ಪ. ಇವ್ನು ಬ್ಯಾಡ ಬ್ಯಾಡ ಅಂತ ಬಡ್ಕಂಡ. ನಾನೇ ನುಗ್ಗ್‌ಬುಟ್ಟೆ."

ಮುದ್ದಯ್ಯ ತೆರೆದ ಬಾಯನ್ನು ಮುಚ್ಚಿಕೊಂಡ.

ಮಂಡ್ಯದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಈ ವಯಸ್ಸಿನಲ್ಲಿ ಮತ್ತೆ ಮೊದಲಿನಂತೆ ನಡೆಯುವುದು ಕಷ್ಟ ಎಂದರು ಡಾಕ್ಟರು. ಯತೀಶ್ ಅತ್ತೆಯನ್ನು ಮನೆಗೆ ಕರೆತಂದು ತನ್ನ ನಡುಮನೆಯಲ್ಲೇ ಮಂಚ ಹಾಕಿಸಿದ. ಅಪ್ಪನನ್ನು ಅವನು ಏನೂ ಕೇಳಲಿಲ್ಲ. ಅದೇ ಮುದ್ದಯ್ಯನಿಗೆ ಕಷ್ಟವಾಗಿತ್ತು.

ಅದಕ್ಕಿಂತಲೂ ಕಷ್ಟವಾದದ್ದು ಊರಿನವರ ಹೊಗಳಿಕೆ. ಡೈರಿ ಮುಂದೆ ಅಕ್ಕನ ಹಾಲಿನ ಕ್ಯಾನು ಹಿಡಿದು ನಿಂತರೆ, "ಮುದ್ದಣ್ಣ ಕೂಗ್ದೆ ಇದ್ದಿದ್ರೆ ಮುದ್ಕಿ ಅವತ್ತೇ ಓಗ್ಬುಡ್ತಿತ್ತು" ಎಂದು ಶಿವರಾಮು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದ. ಶಿವರಾಮು ಡೈರಿಯಲ್ಲಿ ಹಾಲು ಅಳೆಯುವವನು. ಅವನಿಗೆ ಗೊತ್ತಾದದ್ದು ಊರಿಗೆಲ್ಲ ಗೊತ್ತು. "ಅನುಬೋಗಸ್ತ ಅಂದ್ರೆ ಅಂಗಿರ್ಬೇಕು" ಎಂದು ಉಳಿದವರು ತಲೆಯಾಡಿಸುತ್ತಿದ್ದರು. ಮುದ್ದಯ್ಯ ನೆಲ ನೋಡುತ್ತಿದ್ದ. ನಾಚಿಕೆಯಿಂದ ಸಾಯುವ ಹಾಗಾಗುತ್ತಿತ್ತು. ಹಾಗಂತ ನಿಜ ಹೇಳಿದನೋ? ಅದೂ ಇಲ್ಲ. ಒಂದೊಂದು ಗಳಿಗೆಯಲ್ಲಿ ಆ ಹೊಗಳಿಕೆ ಹಿತವಾಗಿಯೂ ಕೇಳುತ್ತಿತ್ತು, ಅದು ತಿಳಿದು ತನ್ನ ಮೇಲೆಯೇ ಹೇಸಿಗೆಯಾಗುತ್ತಿತ್ತು.

ಕೆಲವು ದಿನ ಹಳಿಯ ಕಡೆ ತಲೆಹಾಕಲಿಲ್ಲ. ಆಮೇಲೆ ಮನೆಯಲ್ಲಿ ಅಕ್ಕನ ನರಳಾಟ ಕೇಳಲಾಗದೆ ಮತ್ತೆ ಹೋಗಿ ದಿಮ್ಮಿಯ ಮೇಲೆ ಕೂತ. ಒಂದು ಗಾಡಿ ಹೋಯಿತು. ಹಿಂದೆಯೇ ಎದುರುಮನೆಯ ಸೊಸೆ ಶ್ವೇತ ಬಂದಳು. ತಲೆಯ ಮೇಲೆ ಗದ್ದೆಯವರ ಊಟದ ಕುಕ್ಕೆ, ಸೊಂಟದಲ್ಲಿ ಮಗು. ಕಂಬಗಳ ಸಂದಿಯಲ್ಲಿ ಒಂದು ಕಾಲಿಟ್ಟು ಇವನ ಕಡೆ ತಿರುಗಿದಳು.

"ಓಗ್ಲಾ ತಾತ?"

ಅಂಡರ್‌ಪಾಸಿನ ಕಡೆಗೆ ಹೋಗುವ ಯೋಚನೆಯೇ ಅವಳ ಮುಖದಲ್ಲಿರಲಿಲ್ಲ. ಯಾಕಿರಬೇಕು? ಚಿಕ್ಕಬೋರಮ್ಮ ಬಿದ್ದದ್ದು ಮುದ್ದಯ್ಯನ ಮಾತು ಕೇಳದೆ ಎಂದು ಊರೆಲ್ಲ ನಂಬಿತ್ತು. ಮಾತು ಕೇಳಿದವರಿಗೆ ಭಯವಿಲ್ಲ ಎಂದು ಅದರರ್ಥ. ಅಕ್ಕ ಹೇಳಿದ ಸುಳ್ಳು ಅವನ ಹೆಸರು ಉಳಿಸಿತ್ತು. ಆ ಹೆಸರನ್ನು ನಂಬಿ ಈ ಹುಡುಗಿ ಮಗು ಎತ್ತಿಕೊಂಡು ಹಳಿಯ ಮೇಲೆ ಕಾಲಿಡುತ್ತಿದ್ದಳು. ಮುದ್ದಯ್ಯನ ಬಾಯಿಗೆ "ಓಗವ್ವ" ಎಂಬುದು ಬಂದೇಬಿಟ್ಟಿತ್ತು. ನಾಲಿಗೆ ಕಚ್ಚಿಕೊಂಡ.

"ನನ್ನ ಕೇಳ್ಬ್ಯಾಡ ಕಣವ್ವ."

"ಯಾಕ್ ತಾತ? ಉಸಾರಿಲ್ವಾ?"

"ಅಕ್ಕುಂಗೆ ಅವತ್ತು ಬಾ ಅಂದೋನು ನಾನೇ. ಗಾಡಿ ಓಯ್ತು, ಬಾ ಅಂದೆ. ಅವ್ಳು ನುಗ್ಲಿಲ್ಲ, ನಾನ್ ಕರ್ದೆ. ಇನ್ಮೇಲೆ ಯಾರೂ ನನ್ನ ಕೇಳ್ಬ್ಯಾಡಿ. ಕೆಳಗ್ಲಿಂದ ಓಗು."

ಶ್ವೇತ ಇಟ್ಟ ಕಾಲನ್ನು ಹಿಂದಕ್ಕೆ ತೆಗೆದು, ಮಗುವನ್ನು ಎದೆಗೆ ಒತ್ತಿಕೊಂಡು, ಅಂಡರ್‌ಪಾಸಿನ ಹಾದಿ ಹಿಡಿದಳು. ಹಿಂತಿರುಗಿ ನೋಡಲಿಲ್ಲ.

ಸಂಜೆ ಡೈರಿಯಲ್ಲಿ ಮುದ್ದಯ್ಯ ಕ್ಯಾನು ಹಿಡಿದು ಬಂದಾಗ ಮಾತು ನಿಂತಿತು. ಶಿವರಾಮು ತಲೆಯೆತ್ತದೆ ಹಾಲು ಅಳೆದು ಖಾಲಿ ಕ್ಯಾನನ್ನು ಮುಂದಕ್ಕೆ ತಳ್ಳಿದ.

ಮನೆಗೆ ಬರುವಷ್ಟರಲ್ಲಿ ಸುದ್ದಿ ಅಕ್ಕನ ಮಂಚದ ತನಕ ಬಂದಿತ್ತು. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

"ಯಾಕ್ಲಾ ಏಳ್ದೆ?"

"ಶ್ವೇತ ಮಗ ಎತ್ಕಂಡ್ ಬಂದಿದ್ಲು ಕಣಕ್ಕ. ನನ್ ಮಾತ್ ನಂಬ್ಕಂಡು..."

"ದಾಟ್‌ಬ್ಯಾಡ ಅಂದಿದ್ರೆ ಸಾಕಾಗಿತ್ತು. ಮಿಕ್ಕಿದ್ದು ಯಾಕ್ ಏಳಕ್ ಓದೆ? ನನ್ ಸೊಂಟವಂತೂ ಓಯ್ತು. ನಿನ್ ಮಾತಾದ್ರೂ ಉಳ್ಕಳ್ಳಿ ಅಂತಿದ್ದೆ. ಅದ್ನೂ ಕಳ್ಕಂಡ್‌ ಬಂದ್ಯಲ್ಲೋ ಮುದ್ದ."

ಅವಳು ಅಳುತ್ತಿದ್ದಳು. ಸೊಂಟ ಮುರಿದ ದಿನವೂ ಅತ್ತವಳಲ್ಲ. ಮುದ್ದಯ್ಯ ಅವಳ ಕಾಲ ಬಳಿ ನಿಂತೇ ಇದ್ದ, ಕೂರುವ ಧೈರ್ಯ ಬರಲಿಲ್ಲ. ಕೊನೆಗೆ ಅವಳೇ ಮೂಗು ಒರೆಸಿಕೊಂಡು, "ಅಸ ಬೆಳಗ್ಗಿಂದ ಒಣಗಡ್ಡೀನೇ ಮೇಯ್ತಾವೆ. ನಾಳಿಕಾರ ಅಸಿ ಉಲ್ಲು ಕುಯ್ಕಂಡ್ ಬಾ" ಎಂದಳು.

ಮರುದಿನ ಮುದ್ದಯ್ಯ ಅಕ್ಕನ ಕುಡುಗೋಲು ತೆಗೆದುಕೊಂಡು, ಅಂಡರ್‌ಪಾಸಿನಲ್ಲಿ ಹಾದು ಆಚೆ ಗದ್ದೆಗೆ ಹೋದ. ಇಷ್ಟು ವರ್ಷ ಸರ್ಕಾರಿ ಕೆಲಸದವನು ಎಂಬ ಜಂಬದಲ್ಲಿ ಹುಲ್ಲು ಕೊಯ್ದವನಲ್ಲ. ಬದುವಿನಲ್ಲಿ ಕೂತು ಕೊಯ್ಯುವಷ್ಟರಲ್ಲಿ ಬೆನ್ನು ಹಿಡಿದುಕೊಂಡಿತು. ಪಕ್ಕದ ಗದ್ದೆಯ ಆಳು ಬಂದು ಹೊರೆ ಎತ್ತಿಕೊಟ್ಟ. ತಲೆಗೆ ಬಿದ್ದೊಡನೆ ಹುಲ್ಲು ಎರಡೂ ಕೆನ್ನೆಯ ಮೇಲೆ ಇಳಿಬಿತ್ತು. ಕಾಲ ಕೆಳಗಿನ ನೆಲ ಬಿಟ್ಟರೆ ಏನೂ ಕಾಣಲಿಲ್ಲ. ಕುತ್ತಿಗೆ ತಿರುಗಿಸಲು ನೋಡಿದ, ಆಗಲಿಲ್ಲ. ಕಿವಿಯ ತುಂಬ ಹುಲ್ಲಿನ ಸರಸರ ಸದ್ದು. ಹತ್ತಿರದಲ್ಲಿ ಗಾಡಿಯೊಂದು ಹೋಗುತ್ತಿತ್ತು. ಯಾವ ಹಳಿಯ ಮೇಲೆ, ಯಾವ ಕಡೆಗೆ ಎಂದು ಅವನಿಗೆ ಹೇಳಲಾಗಲಿಲ್ಲ.

ಹೊರೆ ಹೊತ್ತ ಹೆಂಗಸರು ಅವನ ಗೇಟಿನ ಮುಂದೆ ನಿಂತು ಎಷ್ಟು ಸಲ ಅವನನ್ನು ಕೂಗಿ ಕೇಳಿದ್ದರು. ತನಗೆ ಎಲ್ಲ ಗೊತ್ತಿದೆ ಎಂಬ ಗೌರವಕ್ಕೆ ಕೇಳುತ್ತಿದ್ದಾರೆ ಎಂದುಕೊಂಡಿದ್ದ ಅವನು. ಅವರಿಗೆ ಕಾಣುತ್ತಿರಲಿಲ್ಲ, ಅಷ್ಟೇ. ಅಕ್ಕನಿಗೂ ಕಾಣುತ್ತಿರಲಿಲ್ಲ.

"ಯಾರಾರ ಇದ್ದೀರೇನ್ರಪ್ಪ?" ಎಂದು ಮುದ್ದಯ್ಯ ಹೊರೆಯ ಒಳಗಿನಿಂದ ಕೂಗಿದ. ಯಾರೂ ಓಗೊಡಲಿಲ್ಲ. ಅವನು ಒಂದೊಂದೇ ಹೆಜ್ಜೆ ತಡವಿಕೊಂಡು ಅಂಡರ್‌ಪಾಸಿನ ಕಡೆಗೆ ನಡೆಯತೊಡಗಿದ.